ಕೋಳಿ ಬಿಟ್ಟು ಸಾಕುವವರ ಮನೆಯಲ್ಲಿ ನಾಯಿ

ಮಾನ್ಯ ಸಂಪಾದಕರೆ,

ಬಿಟ್ಟು ಸಾಕಿದ ಕೋಳಿಗಳೂ ಮನೆಯ ನಾಯಿಯೂ ಒಂದೇ ಅಂಗಳದಲ್ಲಿ ಬೆಳೆದ ದಿನಗಳನ್ನು ನೆನೆಯುವ ಬರಹಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಬಿಸಿಲಿಗೆ ಮೈಚಾಚಿ ಮಲಗಿದ ನಾಯಿ, ಅದರ ಬೆನ್ನೇರಿ ನಿಂತ ಕೋಳಿಮರಿ, ಬಾಲದ ಪಕ್ಕದಲ್ಲೇ ಮಣ್ಣು ಕೆದಕುವ ಹೇಂಟೆ. ಓದಲು ಹಿತವಾಗಿರುತ್ತದೆ. ಓದಿದ ಹುರುಪಿನಲ್ಲಿ ನಾಲ್ಕು ಹೇಂಟೆ, ಒಂದು ನಾಯಿಮರಿ ಒಟ್ಟಿಗೇ ತಂದು ಅಂಗಳಕ್ಕೆ ಬಿಡುವವರೂ ಇದ್ದಾರೆ. ವಾರ ಕಳೆಯುವುದರೊಳಗೆ ಹೇಂಟೆಗಳ ಲೆಕ್ಕ ತಪ್ಪುತ್ತದೆ. ನೆನಪಿನಲ್ಲಿ ಉಳಿಯುವುದು ಕೊನೆಯ ಚಿತ್ರ ಮಾತ್ರ. ಅದಕ್ಕೆ ಹಿಂದಿನ ಒಂದೂವರೆ ಎರಡು ವರ್ಷದ ಹಗ್ಗ, ಬಾಗಿಲು, ಬಟ್ಟಲಿನ ಕೆಲಸ ಬರಹಕ್ಕೆ ಬರುವುದಿಲ್ಲ. ಅದನ್ನು ತುಂಬಿಕೊಡೋಣವೆಂದು ಈ ಪತ್ರ.

ನಾಯಿಮರಿ ಸುತ್ತಲಿನ ಜೀವಿಗಳನ್ನು ಮನೆಯವರೆಂದು ಸುಲಭವಾಗಿ ಒಪ್ಪಿಕೊಳ್ಳುವ ಕಾಲ ಸುಮಾರು 3ನೇ ವಾರಕ್ಕೆ ಶುರುವಾಗಿ 14ನೇ ವಾರದ ಹೊತ್ತಿಗೆ ಮುಗಿಯುತ್ತದೆ. 8 ವಾರದ ಮರಿ ಮನೆಗೆ ಬಂದರೆ ನಮ್ಮ ಕೈಗೆ ಸಿಗುವುದು ಆರೇ ವಾರ. ಅಷ್ಟರಲ್ಲಿ ಕೋಳಿಯ ವಾಸನೆ, ರೆಕ್ಕೆ ಬಡಿಯುವ ಸದ್ದು, ಮೊಟ್ಟೆ ಇಟ್ಟು ಬಂದ ಹೇಂಟೆ ಎಬ್ಬಿಸುವ ಗದ್ದಲ ಎಲ್ಲವೂ ಅದಕ್ಕೆ ಮಾಮೂಲಾಗಬೇಕು. ಆದರೆ ಒಂದೇ ಒಂದು ಸಲವೂ ಅದು ಕೋಳಿಯನ್ನು ಅಟ್ಟಬಾರದು. ಹೆಚ್ಚಿನ ಮನೆಗಳಲ್ಲಿ ಎಡವುವುದು ಇಲ್ಲೇ. ಪುಟ್ಟ ಮರಿ ಹೇಂಟೆಯ ಹಿಂದೆ ತಡವರಿಸುತ್ತ ಓಡಿದರೆ ಎಲ್ಲರೂ ನಗುತ್ತಾರೆ, ಫೋಟೊ ತೆಗೆಯುತ್ತಾರೆ. ಅದೇ ಆಟವನ್ನು ಎಂಟನೇ ತಿಂಗಳಲ್ಲಿ, 20 ಕಿಲೊ ತೂಗುವಾಗ ಆಡಿತೆಂದರೆ ಹೇಂಟೆ ಬದುಕುವುದಿಲ್ಲ. ನಾಯಿಗೆ ಸಿಟ್ಟಿಲ್ಲ, ಹಸಿವೂ ಇಲ್ಲ. ಅದು ಆಡುತ್ತಿದೆ, ಅಷ್ಟೇ.

6 ತಿಂಗಳಿಂದ 18 ತಿಂಗಳವರೆಗಿನ ಹರೆಯವೇ ನಿಜವಾದ ಗಂಡಾಂತರದ ಕಾಲ. ಮರಿಯಾಗಿದ್ದಾಗ ಸಾಧುವಾಗಿದ್ದ ನಾಯಿ ಈ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಕೋಳಿ ಹಿಡಿದರೆ 'ಬುದ್ಧಿ ಕೆಟ್ಟಿತು' ಎನ್ನುತ್ತಾರೆ. ಕೆಟ್ಟದ್ದೇನೂ ಇಲ್ಲ, ಹರೆಯ ಬಂದಿದೆ. ಮಂದೆ ಕಾಯಲೆಂದೇ ತಲೆತಲಾಂತರದಿಂದ ಬೆಳೆಸಿದ ಮಾರೆಮ್ಮಾ, ಗ್ರೇಟ್ ಪಿರನೀಸ್‌ನಂಥ ತಳಿಗಳನ್ನು ಕೂಡ ಎರಡು ವರ್ಷ ತುಂಬುವವರೆಗೆ ಕೋಳಿಗಳ ಜೊತೆ ಒಂಟಿಯಾಗಿ ಬಿಡಬಾರದು ಎನ್ನುವುದು ಅನುಭವಸ್ಥರ ಮಾತು. ಕುರಿಯ ಜೊತೆ ಬೇಗ ಹೊಂದುವ ನಾಯಿಗೂ ಕೋಳಿಯ ಜೊತೆ ಹೊಂದಲು ತಡವಾಗುತ್ತದೆ, ಏಕೆಂದರೆ ಕುರಿ ರೆಕ್ಕೆ ಬಡಿಯುವುದಿಲ್ಲ, ಕಿರುಚಿಕೊಂಡು ಹಾರುವುದೂ ಇಲ್ಲ.

ಪಳಗಿದ ಮೇಲೆ ಇಂಥ ನಾಯಿ ಏನು ಮಾಡಬಲ್ಲದು ಎಂಬುದಕ್ಕೆ ಆಸ್ಟ್ರೇಲಿಯಾದ ವಾರ್ನಂಬೂಲ್ ಪಟ್ಟಣದ ಬಳಿಯಿರುವ ಮಿಡ್ಲ್ ಐಲೆಂಡ್ ಒಳ್ಳೆಯ ಉದಾಹರಣೆ. ಆ ನಡುಗಡ್ಡೆಯ ಪುಟ್ಟ ಪೆಂಗ್ವಿನ್‌ಗಳನ್ನು ನರಿಗಳು ತಿಂದು ತಿಂದು 2005ರ ಹೊತ್ತಿಗೆ ಹತ್ತಕ್ಕಿಂತ ಕಡಿಮೆ ಉಳಿದಿದ್ದವು. ತನ್ನ ಕೋಳಿಗಳನ್ನು ಮಾರೆಮ್ಮಾ ನಾಯಿಗಳಿಂದ ಕಾಯಿಸುತ್ತಿದ್ದ ಅಲನ್ 'ಸ್ವಾಂಪಿ' ಮಾರ್ಷ್ ಎಂಬ ಕೋಳಿ ಸಾಕಣೆಗಾರ, ಇದೇ ನಾಯಿಯನ್ನು ಅಲ್ಲಿಗೂ ಬಿಡಿ ಎಂದು ಸಲಹೆ ಕೊಟ್ಟರು. 2006ರಿಂದ ನಾಯಿಗಳು ಕಾವಲಿಗೆ ನಿಂತವು, ಪೆಂಗ್ವಿನ್ ಸಂಖ್ಯೆ ಮತ್ತೆ ನೂರು ದಾಟಿತು. ಸರ್ಕಾರಿ ಯೋಜನೆಗಳಿಗೆ ಕೋಳಿ ಸಾಕುವವರ ಬುದ್ಧಿ ಹೀಗೆ ಅಪರೂಪಕ್ಕಾದರೂ ಒದಗುತ್ತದೆ.

ಮನೆಯ ನಾಯಿಯ ವಿಷಯಕ್ಕೆ ಬರೋಣ. ಬೇಟೆ ಎಂಬುದು ನಾಯಿಯಲ್ಲಿ ಒಂದರ ಹಿಂದೊಂದು ಬರುವ ಮೆಟ್ಟಿಲುಗಳು: ಕಾಣುವುದು, ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು. ಕುರಿ ಅಟ್ಟುವ ಬಾರ್ಡರ್ ಕಾಲಿಯಂಥ ತಳಿಯಲ್ಲಿ ಮೊದಲ ನಾಲ್ಕು ಮೆಟ್ಟಿಲು ಚುರುಕು, ಉಳಿದವು ಮಂಕು. ಟೆರಿಯರ್‌ಗಳಲ್ಲಿ, ಗ್ರೇಹೌಂಡ್‌ನಂಥ ಓಟದ ತಳಿಗಳಲ್ಲಿ ಪೂರ್ತಿ ಸರಣಿ ಗಟ್ಟಿಯಾಗಿ ಉಳಿದಿರುತ್ತದೆ. ಮಿಶ್ರತಳಿ ಹೇಗಿರುತ್ತದೆಂದು ಮೊದಲೇ ಹೇಳಲಾಗದು, ನೋಡಿಯೇ ತಿಳಿಯಬೇಕು. ತಡೆಯಬೇಕಾದದ್ದು ಎರಡನೇ ಮೆಟ್ಟಿಲಲ್ಲಿ, ಅಂದರೆ ದಿಟ್ಟಿಸುವಾಗಲೇ. ಅಟ್ಟಲು ಶುರುವಾದ ಮೇಲೆ ಕೂಗಿ ಕರೆದರೆ ಕೇಳಿಸುವುದಿಲ್ಲ. ಅಟ್ಟುವುದರಲ್ಲೇ ನಾಯಿಗೆ ಬೇಕಾದಷ್ಟು ಸುಖವಿದೆ, ನಿಮ್ಮ ಕೈಯ ತಿಂಡಿ ಅದರ ಮುಂದೆ ಏನೂ ಅಲ್ಲ.

ದಿಟ್ಟಿಸುವುದನ್ನು ಗುರುತಿಸಲು ಬಾಯಿ ನೋಡಿ. ಆರಾಮಾಗಿರುವ ನಾಯಿ ಬಾಯಿ ತೆರೆದು ಏದುಸಿರು ಬಿಡುತ್ತಿರುತ್ತದೆ, ನಾಲಗೆ ಜೋತಿರುತ್ತದೆ. ಕೋಳಿಯ ಮೇಲೆ ಕಣ್ಣು ನೆಟ್ಟ ಕ್ಷಣಕ್ಕೆ ಏದುಸಿರು ನಿಲ್ಲುತ್ತದೆ, ಬಾಯಿ ಟಪ್ಪನೆ ಮುಚ್ಚುತ್ತದೆ. ಕಿವಿ ಮುಂದಕ್ಕೆ, ತಲೆ ಬೆನ್ನಿನ ಮಟ್ಟಕ್ಕೆ ತಗ್ಗು, ಬಾಲ ಅಲುಗಾಡದೆ ಗಟ್ಟಿ, ಕೆಲವೊಮ್ಮೆ ಮುಂಗಾಲೊಂದು ಮಡಚಿ ಮೇಲಕ್ಕೆ. ಇದಾದ ಮೇಲೆ ನಿಮಗೆ ಸಿಗುವುದು ಒಂದೆರಡು ಸೆಕೆಂಡು ಮಾತ್ರ.

ತರಬೇತಿಗೆ ಬೇಕಾದದ್ದು 2 ಮೀಟರ್ ಹಗ್ಗ, 8ರಿಂದ 10 ಮೀಟರಿನ ಇನ್ನೊಂದು ಉದ್ದ ಹಗ್ಗ, ಕೊರಳಪಟ್ಟಿಯ ಬದಲು ಎದೆಪಟ್ಟಿ, ಬಟಾಣಿಯಷ್ಟು ಸಣ್ಣ ಸಣ್ಣ ಮಾಂಸದ ಚೂರು. ಕೋಳಿಗಳು ಜಾಲರಿಯ ಒಳಗಿರಲಿ, ಅವುಗಳ ಹೊಟ್ಟೆ ತುಂಬಿರಲಿ, ಓಡಾಟ ಕಡಿಮೆಯಿರುವ ಹೊತ್ತಾಗಿರಲಿ. ನಾಯಿಗೆ ಮೊದಲು ಅರ್ಧ ಗಂಟೆ ನಡಿಗೆ ಮಾಡಿಸಿ. ಆಮೇಲೆ ಅದು ಕೋಳಿಯನ್ನು ಕಂಡೂ ನಿಮ್ಮ ಕೈಯ ತಿಂಡಿ ತಿನ್ನುವಷ್ಟು ದೂರದಲ್ಲಿ ನಿಲ್ಲಿ. ಅದು 5 ಮೀಟರ್ ಆಗಬಹುದು, 30 ಮೀಟರೂ ಆಗಬಹುದು. ತಿಂಡಿ ಮುಟ್ಟದಿದ್ದರೆ ಹತ್ತಿರವಾಯಿತೆಂದೇ ಅರ್ಥ, ಹಿಂದೆ ಸರಿಯಿರಿ. ಕೋಳಿಯತ್ತ ನೋಡಿ ತಾನಾಗಿ ಮುಖ ತಿರುಗಿಸಿದಾಗ, ನೆಲ ಮೂಸಿದಾಗ, ಆಕಳಿಸಿದಾಗ, ಮೈ ಕೊಡವಿದಾಗ ತಕ್ಷಣ ಒಂದು ಚೂರು ಕೊಡಿ. ಕೋಳಿಯನ್ನು ನೋಡಿದ್ದಕ್ಕೆ ಬೈಯಬೇಡಿ. ನೋಡುವುದು ತಪ್ಪಲ್ಲ, ನೋಡಿ ಬಿಡುವುದನ್ನು ಅದು ಕಲಿಯಬೇಕು. ದಿನಕ್ಕೆ ಎರಡು ಸಲ, ಹತ್ತು ನಿಮಿಷ ಸಾಕು. ನಾಯಿಗೆ ಬೇಸರ ಬರುವ ಮೊದಲೇ ನಿಲ್ಲಿಸಿ. ದೂರ ಕಡಿಮೆ ಮಾಡುವುದು ಒಂದು ಸಲಕ್ಕೆ ಒಂದು ಮೀಟರ್.

ಜಾಲರಿಯ ಪಕ್ಕದಲ್ಲೇ ಕೂತು ಬೇರೆಡೆ ನೋಡುವ ಹಂತಕ್ಕೆ ಬರಲು ಕೆಲವು ನಾಯಿಗಳಿಗೆ ಎರಡು ವಾರ ಸಾಕು, ಕೆಲವಕ್ಕೆ ಮೂರು ತಿಂಗಳು ಬೇಕು. ಮುಂದಿನ ಹಂತದಲ್ಲಿ ಕೋಳಿಗಳು ಹೊರಗೆ, ನಾಯಿ ಗಿಡ್ಡ ಹಗ್ಗದಲ್ಲಿ, ನೀವು ಹಗ್ಗ ಹಿಡಿದು ಅಂಗಳದ ಕೆಲಸ ಮಾಡುತ್ತಿರಬೇಕು. ಅದರ ಮುಂದಿನದು ಉದ್ದ ಹಗ್ಗ. ಅದನ್ನು ಕೈಯಲ್ಲಿ ಹಿಡಿಯದೆ ನೆಲದ ಮೇಲೆ ಎಳೆದಾಡಲು ಬಿಡಿ. ನಾಯಿ ನುಗ್ಗಿದರೆ ಹಗ್ಗದ ಮೇಲೆ ಕಾಲಿಟ್ಟರೆ ಸಾಕು. ಈ ಹಂತ ಕಡಿಮೆಯೆಂದರೂ ಎರಡು ತಿಂಗಳು ನಡೆಯಬೇಕು. ಬಹುತೇಕರು ಎರಡೇ ವಾರಕ್ಕೆ ಹಗ್ಗ ಬಿಚ್ಚಿಬಿಡುತ್ತಾರೆ. ಬಾಯಿಗೆ ಬುಟ್ಟಿಯಂಥ ಮುಖಕವಚ ಹಾಕುವುದಾದರೆ ನಾಯಿ ಬಾಯ್ತೆರೆದು ಏದುಸಿರು ಬಿಡುವಷ್ಟು, ನೀರು ಕುಡಿಯುವಷ್ಟು ಜಾಗವಿರುವಂಥದ್ದನ್ನೇ ಹಾಕಿ. ಕವಚವಿದ್ದರೂ ನಾಯಿ ಕಾಲಿನಿಂದ ಅದುಮಿ ಕೋಳಿಯನ್ನು ಕೊಲ್ಲಬಲ್ಲದು ಎಂಬುದು ನೆನಪಿರಲಿ.

ಒಂದು ಸಲ ನಾಯಿ ಕೋಳಿಯನ್ನು ಹಿಡಿದೇಬಿಟ್ಟರೆ ಕಿರುಚುತ್ತ ಬೆನ್ನಟ್ಟಬೇಡಿ. ನೀವೂ ಓಟಕ್ಕೆ ಸೇರಿದಿರೆಂದು ಅದು ಇನ್ನಷ್ಟು ಓಡುತ್ತದೆ. ಹಗ್ಗ ತುಳಿದು ನಿಲ್ಲಿಸಿ, ಬಿಡಿಸಿ, ನಾಯಿಯನ್ನು ಒಳಗೆ ಕಟ್ಟಿ, ಕೋಳಿಯ ಕಡೆ ಗಮನ ಕೊಡಿ. ಗಂಟೆ ಕಳೆದ ಮೇಲೆ ಹೊಡೆದರೆ ಯಾವುದಕ್ಕೆಂದು ನಾಯಿಗೆ ತಿಳಿಯುವುದಿಲ್ಲ. ಸತ್ತ ಕೋಳಿಯನ್ನು ನಾಯಿಯ ಕೊರಳಿಗೆ ದಿನಗಟ್ಟಲೆ ಕಟ್ಟುವ ಹಳೆಯ ಪದ್ಧತಿಯನ್ನು ಇಂದಿಗೂ ಕೆಲವರು ಹೇಳಿಕೊಡುತ್ತಾರೆ. ಕ್ರೌರ್ಯ ಹಾಗಿರಲಿ, ಅದರಿಂದ ನಾಯಿ ಕಲಿಯುವುದು ಏನೂ ಇಲ್ಲ. ಕೊಳೆತ ಹೆಣದಿಂದ ಭೇದಿ ತರುವ ಸಾಲ್ಮೊನೆಲ್ಲಾದಂಥ ರೋಗಾಣು ಹಿಡಿಯುವ ಅಪಾಯ ಮಾತ್ರ ಇದೆ. 'ರಕ್ತದ ರುಚಿ ಹತ್ತಿದ ನಾಯಿ ಮತ್ತೆ ಸರಿಹೋಗದು' ಎಂಬ ಮಾತೂ ಪೂರ್ತಿ ನಿಜವಲ್ಲ. ರುಚಿ ಹತ್ತುವುದು ಅಟ್ಟುವುದರದ್ದು. ಅಂಥ ನಾಯಿಯನ್ನು ಮೊದಲ ಹಂತದಿಂದ ಮತ್ತೆ ತಿದ್ದಬಹುದು, ಆದರೆ ಮೇಲೆ ಕಣ್ಣಿಲ್ಲದಾಗ ಅದನ್ನು ಇನ್ನು ನಂಬುವಂತಿಲ್ಲ. ಕೆಲವು ನಾಯಿಗಳು ಎಷ್ಟು ಮಾಡಿದರೂ ಹೊಂದುವುದಿಲ್ಲ. ಅಲ್ಲಿ ಬೇಲಿಯೊಂದೇ ದಾರಿ, ಅದರಲ್ಲಿ ಅವಮಾನವೇನಿಲ್ಲ.

ಎರಡು ನಾಯಿಗಳಿದ್ದರೆ ಲೆಕ್ಕವೇ ಬೇರೆ. ಒಂಟಿಯಾಗಿದ್ದಾಗ ಕೋಳಿಗಳ ನಡುವೆ ಮಲಗುವ ನಾಯಿ, ಜೊತೆಗಾರ ಬಂದೊಡನೆ ಬೇಟೆಗಿಳಿಯಬಹುದು. ನೆಂಟರು ತರುವ ನಾಯಿಗೂ ಇದೇ ಎಚ್ಚರ ಬೇಕು. ಪ್ರತಿ ನಾಯಿಯನ್ನೂ ಬೇರೆ ಬೇರೆಯಾಗಿ ಪಳಗಿಸಿ, ಆಮೇಲೆ ಜೋಡಿಯಾಗಿ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಕೋಳಿಗಳ ಕಡೆಯ ಕೆಲಸ ಕಡಿಮೆ, ಆದರೆ ಇದೆ. ಹೊಸ ಕೋಳಿಗಳನ್ನು ಮೊದಲ ಒಂದೆರಡು ವಾರ ಗೂಡಿನಲ್ಲೇ ಇರಿಸಿ, ಅದೇ ತಮ್ಮ ಮನೆಯೆಂದು ಅವಕ್ಕೆ ಗೊತ್ತಾಗಲಿ. ಮೊದಮೊದಲು ಬಿಡುವಾಗ ಸೂರ್ಯಾಸ್ತಕ್ಕೆ ಒಂದೆರಡು ಗಂಟೆ ಮುಂಚೆ ಬಿಟ್ಟರೆ ದೂರ ಹೋಗುವ ಮೊದಲೇ ಕತ್ತಲು ಅವುಗಳನ್ನು ಗೂಡಿಗೆ ಕರೆಯುತ್ತದೆ. ನಾಯಿಯೊಡನೆ ಬೆಳೆದ ಹೇಂಟೆ ನಾಯಿ ಹತ್ತಿರ ಬಂದರೆ ಎರಡು ಹೆಜ್ಜೆ ಸರಿಯುತ್ತದೆ, ಅಷ್ಟೇ; ಹೊಸ ಹೇಂಟೆ ಹೌಹಾರಿ ಓಡುತ್ತದೆ, ಆ ಓಟವೇ ನಾಯಿಯನ್ನು ಕೆಣಕುತ್ತದೆ. ಹಾಗಾಗಿ ನಾಯಿ ಎಷ್ಟೇ ಪಳಗಿದ್ದರೂ ಹೊಸ ಕೋಳಿ ಬಂದಾಗ ಒಂದು ವಾರ ಹಗ್ಗಕ್ಕೆ ಮರಳಬೇಕು. ಮರಿಗಳ ಜೊತೆಗಿರುವ ತಾಯಿಕೋಳಿ ನಾಯಿಯ ಮೂತಿಗೇ ಹಾರಿ ಕುಕ್ಕುತ್ತದೆ. ಹುಂಜದ ಮುಳ್ಳು ನಾಯಿಯ ಕಣ್ಣಿಗೆ ತಗುಲಿದರೆ ಕಣ್ಣೇ ಹೋಗಬಹುದು. ತಾಯಿ ಮರಿಗಳಿಗೆ ಮೊದಲ ಮೂರು ವಾರ ಪ್ರತ್ಯೇಕ ಜಾಗವಿರಲಿ.

ತಾಯಿಯಿಲ್ಲದ ಕೋಳಿಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ದೀಪದ ಶಾಖದಲ್ಲಿ ಬೆಳೆಸುವವರು ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇಟ್ಟು, ವಾರಕ್ಕೆ 3 ಡಿಗ್ರಿಯಂತೆ ಇಳಿಸುವುದು ರೂಢಿ. ಈ ಪೆಟ್ಟಿಗೆಗೆ ಮೇಲ್ಗಡೆ ಜಾಲರಿಯ ಮುಚ್ಚಳ ಕಡ್ಡಾಯ. ನಾಯಿ ಪ್ರೀತಿಯಿಂದ ನೆಕ್ಕಿದರೂ ಮರಿಯ ಮೈ ತೊಯ್ದು, ಚಳಿ ಹಿಡಿದು ಸಾಯಬಹುದು. ದೀಪವನ್ನು ಬರೀ ವೈರಿನಿಂದ ತೂಗುಹಾಕದೆ ಸರಪಳಿಯಿಂದ ಬಿಗಿಯಿರಿ. ನಾಯಿ ಎಗರಿ ದೀಪ ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ.

ಇನ್ನು ಕಾವಲು. ನಾಯಿ ಇದೆಯೆಂದು ಗೂಡಿನ ಬಾಗಿಲು ಹಾಕದಿರುವುದು ಈ ಜೋಡಿಯಲ್ಲಿ ಆಗುವ ಅತಿ ದೊಡ್ಡ ತಪ್ಪು. ನಾಯಿಯ ವಾಸನೆ, ಬೊಗಳುವಿಕೆ ನರಿ, ಮುಂಗುಸಿಯಂಥವನ್ನು ಹಗಲು ದೂರವಿಡುತ್ತವೆ. ರಾತ್ರಿ ನಾಯಿ ನಿದ್ದೆ ಮಾಡುತ್ತದೆ, ಹಾವನ್ನು ತಡೆಯುವುದಿಲ್ಲ, ಇನ್ನೊಂದು ಮೂಲೆಯ ಸದ್ದಿಗೆ ಓಡಿಹೋಗಿರುತ್ತದೆ. ಗೂಡಿಗೆ 12 ಮಿಲಿಮೀಟರ್ ಕಿಂಡಿಯ ಬೆಸುಗೆ ಜಾಲರಿಯೇ ಆಗಬೇಕು. ಆರು ಮೂಲೆಯ ಕಿಂಡಿಯ ತೆಳು ಕೋಳಿಜಾಲರಿ ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ಬಲವಾದ ನಾಯಿ ಅದನ್ನು ಹಲ್ಲಿನಿಂದಲೇ ಹರಿಯುತ್ತದೆ. ಜಾಲರಿಯನ್ನು ಗೋಡೆಯ ಬುಡದಿಂದ ಹೊರಕ್ಕೆ 40 ಸೆಂಟಿಮೀಟರ್ ಮಡಚಿ ನೆಲದೊಳಗೆ ಹೂತರೆ ತೋಡುವ ಪ್ರಾಣಿ ಬುಡದಲ್ಲೇ ಸೋಲುತ್ತದೆ, ನಿಮ್ಮ ನಾಯಿಯೂ ಸೇರಿ. ಕೊಕ್ಕೆ ಎರಡು ಚಲನೆಯಲ್ಲಿ ತೆರೆಯುವಂಥದ್ದಿರಲಿ. ಒಂದು ಕೋಳಿಗೆ ಗೂಡಿನಲ್ಲಿ 0.4 ಚದರ ಮೀಟರ್ ನೆಲ, ಕೂರುಗೋಲಿನಲ್ಲಿ 20ರಿಂದ 25 ಸೆಂಟಿಮೀಟರ್ ಉದ್ದ ಬೇಕು. ಗೋಲು ಮೊಟ್ಟೆಪೆಟ್ಟಿಗೆಗಿಂತ ಎತ್ತರದಲ್ಲಿರಬೇಕು, ಇಲ್ಲವಾದರೆ ಅವು ಪೆಟ್ಟಿಗೆಯಲ್ಲೇ ಮಲಗಿ ಹಿಕ್ಕೆ ಹಾಕುತ್ತವೆ. ಗಾಳಿಕಿಂಡಿಗಳು ಕೂತ ಕೋಳಿಯ ತಲೆಗಿಂತ ಮೇಲಿರಲಿ.

ಮುಸ್ಸಂಜೆಯ ಅರ್ಧ ಗಂಟೆ ನಾಯಿಯನ್ನು ಕಟ್ಟಿಹಾಕಿ. ಕೋಳಿಗೆ ಮಬ್ಬುಗತ್ತಲೆಯಲ್ಲಿ ಕಣ್ಣು ಸರಿಯಾಗಿ ಕಾಣಿಸದು. ಆ ಹೊತ್ತಿನಲ್ಲಿ ಗೂಡಿನ ಬಾಗಿಲಲ್ಲಿ ನಾಯಿ ಓಡಾಡಿದರೆ ಅವು ಒಳಗೆ ಹೋಗದೆ ಮರ ಹತ್ತುತ್ತವೆ. ಕತ್ತಲಾದ ಮೇಲೆ ಬಾಗಿಲು ಹಾಕಿ ಎಣಿಸಿ.

ಹದ್ದು, ಗಿಡುಗಗಳ ವಿಷಯದಲ್ಲಿ ಹುಂಜವೇ ನಾಯಿಗೆ ಗುರು. ಆಕಾಶದಿಂದ ಬರುವ ಅಪಾಯಕ್ಕೆ ಕೋಳಿಗಳು ತೆಳುವಾದ ಒಂದು ಎಳೆದ ದನಿ ಹೊರಡಿಸಿ ತಟಸ್ಥವಾಗುತ್ತವೆ ಇಲ್ಲವೇ ಪೊದೆ ಸೇರುತ್ತವೆ. ನೆಲದ ಮೇಲಿನ ಅಪಾಯಕ್ಕೆ ಕೊಟಕೊಟ ಎಂದು ಬಿಡದೆ ಕೂಗುತ್ತವೆ. ವರ್ಷಗಟ್ಟಲೆ ಜೊತೆಗಿದ್ದ ನಾಯಿ ಈ ದನಿಗಳಿಗೆ ತಲೆಯೆತ್ತಿ ಓಡಿ ಬರುವುದನ್ನು ಕಲಿಯುತ್ತದೆ. ಇದನ್ನು ನಾವು ಕಲಿಸಲಾಗದು. ಆದರೂ ಹತ್ತು ಹದಿನೈದು ಮೀಟರಿಗೊಂದು ಪೊದೆಯೋ ತಗ್ಗು ಮಾಡೋ ಇರಲೇಬೇಕು, ನಾಯಿ ಹಾರಲಾರದು.

ಹರೆಯ ದಾಟಿದ ನಾಯಿಯೂ ಕೋಳಿಗೆ ಬಾಯಿ ಹಾಕುವುದಕ್ಕೆ ಒಂದು ಕಾರಣ ಊಟದ ಬಟ್ಟಲು. ಹೇಂಟೆಗೆ ನಾಯಿಯ ಊಟ ಬಲು ಇಷ್ಟ, ನಾಚಿಕೆಯಿಲ್ಲದೆ ಮೂತಿಯ ಕೆಳಗೇ ನುಗ್ಗುತ್ತದೆ. ನಾಯಿಯ ಊಟ ಬಾಗಿಲ ಒಳಗೆ ಆಗಲಿ, 15 ನಿಮಿಷದಲ್ಲಿ ಬಟ್ಟಲು ಎತ್ತಿ. ಮೂಳೆಯನ್ನು ಅಂಗಳದಲ್ಲಿ ಕೊಡಲೇಬೇಡಿ. ಬೇಯಿಸಿದ ಕೋಳಿಮೂಳೆಯನ್ನಂತೂ ಎಲ್ಲಿಯೂ ಕೊಡಬೇಡಿ, ಸೀಳಿ ಕರುಳು ಚುಚ್ಚುತ್ತದೆ. ಮೊಟ್ಟೆಗಳ್ಳತನಕ್ಕೆ ಸುಲಭ ಉಪಾಯವಿದೆ: ಹೇಂಟೆಗಳು ಹೆಚ್ಚಾಗಿ ಮಧ್ಯಾಹ್ನಕ್ಕೆ ಮೊದಲೇ ಮೊಟ್ಟೆ ಇಡುವುದರಿಂದ, ಹತ್ತು ಹನ್ನೊಂದು ಗಂಟೆಯ ಮೇಲೆ ಹೊರಗೆ ಬಿಟ್ಟರೆ ಪೊದೆಯಲ್ಲಿ ಇಡುವುದು ಕಡಿಮೆಯಾಗುತ್ತದೆ, ನಾಯಿಗೆ ಹುಡುಕಲು ಏನೂ ಉಳಿಯುವುದಿಲ್ಲ.

ಕೋಳಿಯ ಮೇವು ನಾಯಿಗೆ ಸಿಗದಂತೆ ಮುಚ್ಚಳದ ಕಬ್ಬಿಣದ ಡ್ರಮ್ಮಿನಲ್ಲಿಡಿ. ಕೋಳಿಗಳ ರಕ್ತಭೇದಿ ತಡೆಯಲು ಕೆಲವು ಮೇವುಗಳಲ್ಲಿ ಮೊನೆನ್ಸಿನ್, ಲಸಲೋಸಿಡ್, ಸಾಲಿನೊಮೈಸಿನ್ ಎಂಬ ಮದ್ದುಗಳನ್ನು ಬೆರೆಸಿರುತ್ತಾರೆ. ಕೋಳಿಗೆ ಮದ್ದಾದ ಈ ವಸ್ತುಗಳು ನಾಯಿಗೆ ವಿಷ. ಹಿಂಗಾಲು ಸೋತು, ನಿತ್ರಾಣ ಮೇಲಕ್ಕೆ ಹಬ್ಬುತ್ತದೆ. ಚೀಲದ ಚೀಟಿ ಓದುವ ಅಭ್ಯಾಸ ಬೆಳೆಸಿಕೊಳ್ಳಿ. ಬೂಷ್ಟು ಹಿಡಿದ ಮೇವಿನ ಅಫ್ಲಾಟಾಕ್ಸಿನ್ ಎಂಬ ವಿಷ ಇಬ್ಬರ ಯಕೃತ್ತನ್ನೂ ಹಾಳುಮಾಡುತ್ತದೆ. ಚೆಲ್ಲಿದ ಮೇವಿಗೆ ಇಲಿ ಬರುತ್ತದೆ, ಇಲಿಯ ಮೂತ್ರದಿಂದ ನಾಯಿಗೆ ಲೆಪ್ಟೊಸ್ಪೈರೋಸಿಸ್ ಎಂಬ ಇಲಿಜ್ವರ ಬರುತ್ತದೆ, ಇಲಿಪಾಷಾಣ ತಿಂದ ಇಲಿಯನ್ನು ನಾಯಿ ತಿಂದರೆ ನಾಯಿಗೂ ವಿಷವೇರಬಹುದು. ಪಾಷಾಣ ಬೇಡ, ಬೋನು ಇಡಿ. ನಾಯಿಗೆ ರೇಬೀಸ್ ಲಸಿಕೆಯ ಜೊತೆ ಲೆಪ್ಟೊ ಲಸಿಕೆಯನ್ನೂ ಪಶುವೈದ್ಯರಲ್ಲಿ ಕೇಳಿ ಹಾಕಿಸಿ.

ಹಿಕ್ಕೆ ತಿನ್ನುವ ನಾಯಿಯ ಬಗ್ಗೆ ಬಹಳ ಜನ ಕೇಳುತ್ತಾರೆ. ಕೋಳಿಯ ರಕ್ತಭೇದಿ ತರುವ ಐಮೇರಿಯಾ ಎಂಬ ಸೂಕ್ಷ್ಮಜೀವಿ ನಾಯಿಗೆ ಅಂಟುವುದಿಲ್ಲ, ಸುಮ್ಮನೆ ಹೊಟ್ಟೆ ದಾಟಿ ಹೋಗುತ್ತದೆ. ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಎಂಬ ರೋಗಾಣುಗಳು ಅಂಟುತ್ತವೆ. ನಾಯಿ ಚೆನ್ನಾಗಿಯೇ ಕಂಡರೂ ಮನೆಯ ಸಣ್ಣ ಮಕ್ಕಳಿಗೆ ದಾಟಿಸಬಹುದು. ತಿರುಗಾ ಮುರುಗಾ ಅಪಾಯವೂ ಇದೆ: ನಾಯಿಯ ಮಲವನ್ನು ಹುಳುವಿಗಾಗಿ ಕೋಳಿ ಕೆದಕುತ್ತದೆ, ನಾಯಿಯ ದುಂಡುಹುಳುವಿನ ಮೊಟ್ಟೆ ಅದರ ಹೊಟ್ಟೆ ಸೇರಿ ಮರಿಹುಳು ಯಕೃತ್ತಿನಲ್ಲಿ ಉಳಿಯುತ್ತದೆ, ಅರೆಬೆಂದ ಯಕೃತ್ತು ತಿಂದವರಿಗೆ ದಾಟುತ್ತದೆ. ನಾಯಿಯ ಮಲ ದಿನವೂ ತೆಗೆಯುವುದು, ಮೂರು ತಿಂಗಳಿಗೊಮ್ಮೆ ಜಂತುಮಾತ್ರೆ ಹಾಕುವುದು ಇದಕ್ಕೇ.

ಇಬ್ಬರಿಗೂ ಸಾಮಾನ್ಯವಾದ ಶತ್ರು ಅಂಟುಚಿಗಟ. ಕೋಳಿಯ ಜುಟ್ಟು, ಕಣ್ಣಿನ ಸುತ್ತ ಕಪ್ಪು ಸಾಸಿವೆ ಅಂಟಿಸಿದಂತೆ ಕೂತಿರುತ್ತದೆ. ನಾಯಿಯಲ್ಲಿ ಕಿವಿಯಂಚು, ಕಾಲ್ಬೆರಳ ಸಂದಿ ನೋಡಿ. ಒಬ್ಬರಿಗೆ ಕಂಡರೆ ಇಬ್ಬರಿಗೂ ಚಿಕಿತ್ಸೆ, ಜೊತೆಗೆ ಗೂಡಿನ ಹೊಟ್ಟು ಪೂರ್ತಿ ಬದಲಿಸಬೇಕು. ಆದರೆ ಚಿಗಟಕ್ಕೆಂದು ನಾಯಿಯ ಬೆನ್ನಿಗೆ ಬಿಡುವ ಫಿಪ್ರೊನಿಲ್ ಔಷಧದ ಹನಿಯನ್ನು ಕೋಳಿಗೆ ಹಾಕುವುದು ಬೇಡ. 2017ರಲ್ಲಿ ಯುರೋಪಿನಲ್ಲಿ ಲಕ್ಷಗಟ್ಟಲೆ ಮೊಟ್ಟೆಗಳನ್ನು ಮಾರುಕಟ್ಟೆಯಿಂದ ವಾಪಸು ತೆಗೆದದ್ದು, ಕೋಳಿಮನೆಗಳಲ್ಲಿ ಕೆಂಪು ನುಸಿಗೆಂದು ಬಳಸಿದ ಈ ಔಷಧ ಮೊಟ್ಟೆಯಲ್ಲಿ ಸಿಕ್ಕಿದ್ದರಿಂದಲೇ. ಮಣ್ಣಿನಲ್ಲಿ ಹೊರಳಲು ಕೋಳಿಗಳಿಗೆ 60 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಆಳದ ಗುಂಡಿಯಲ್ಲಿ ಒಣ ಮಣ್ಣು, ಮರಳು, ಸ್ವಲ್ಪ ಕಟ್ಟಿಗೆ ಬೂದಿ ಹಾಕಿ. ಮಾಡಿದ ಮರುದಿನವೇ ಅದರಲ್ಲಿ ನಾಯಿ ಮಲಗಿರುತ್ತದೆ. ತಗ್ಗಾದ ಮಾಡಿನ ಕೆಳಗೆ ಮಾಡಿದರೆ ಕೋಳಿಗೆ ಉಳಿಯುತ್ತದೆ.

ನಾಯಿ ಕಚ್ಚಿದ ಕೋಳಿಯ ಗಾಯ ಪುಕ್ಕದ ಅಡಿಯಲ್ಲಿ ಕಾಣುವುದಿಲ್ಲ. ಪುಕ್ಕ ಬಿಡಿಸಿ ಬೆನ್ನು, ರೆಕ್ಕೆಯಡಿ, ತೊಡೆ ನೋಡಿ. ಹಲ್ಲಿನ ತೂತು ಚಿಕ್ಕದಾಗಿ ಕಂಡರೂ ಒಳಗೆ ಮಾಂಸ ಹರಿದಿರುತ್ತದೆ, ಜೊಲ್ಲಿನ ರೋಗಾಣು ಒಳಹೊಕ್ಕಿರುತ್ತದೆ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು ಹಾಕಿ ತೊಳೆಯಿರಿ, ತೆಳು ಚಹಾದ ಬಣ್ಣ ಬರುವಷ್ಟು ಪೊವಿಡೋನ್ ಅಯೋಡಿನ್ ಬೆರೆಸಿದ ನೀರಿನಿಂದ ಒರೆಸಿ. ಬೆಚ್ಚಗಿನ, ಕತ್ತಲೆಯ, ನೊಣ ಬಾರದ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಪಶುವೈದ್ಯರಿಗೆ ತೋರಿಸಿ. ಕೋಳಿ ಎದ್ದು ಓಡಾಡಿತೆಂದು ಗುಂಪಿಗೆ ಬಿಟ್ಟರೆ ಉಳಿದ ಕೋಳಿಗಳೇ ಗಾಯವನ್ನು ಕುಕ್ಕಿ ಕೊಲ್ಲುತ್ತವೆ.

ಕಾಯಿಲೆಯಿಂದ ಸತ್ತ ಕೋಳಿ ನಾಯಿಯ ಬಾಯಿಗೆ ಸಿಗಬಾರದು. 2023ರಲ್ಲಿ ಕೆನಡಾದಲ್ಲಿ ಕಾಡು ಹೆಬ್ಬಾತನ್ನು ಕಚ್ಚಿದ ನಾಯಿಗೆ ಹಕ್ಕಿಜ್ವರ ತಗುಲಿ ಅದು ಸತ್ತಿತು. ಒಂದೆರಡು ದಿನದಲ್ಲಿ ಹಲವು ಕೋಳಿ ಸತ್ತರೆ ಹೂಳುವ ಮೊದಲು ಪಶುವೈದ್ಯಾಧಿಕಾರಿಗೆ ತಿಳಿಸಬೇಕು, ನಾಯಿಯನ್ನು ಅಲ್ಲಿಯವರೆಗೆ ಕಟ್ಟಿಹಾಕಬೇಕು.

ಹೊಸದಾಗಿ ಶುರು ಮಾಡುವವರಿಗೆ ಎರಡನ್ನೂ ಒಟ್ಟಿಗೆ ತರಬೇಡಿ ಎನ್ನುತ್ತೇವೆ. ನಾಯಿ ಮೊದಲೇ ಇದ್ದರೆ ಕರೆದಾಗ ಬರುವುದು, 'ಬಿಡು' ಎಂದಾಗ ಬಿಡುವುದು ಎರಡೂ ಕೋಳಿಯಿಲ್ಲದ ಕಡೆ ಗಟ್ಟಿಯಾದ ಮೇಲೆ ನಾಲ್ಕಾರು ದೊಡ್ಡ ಹೇಂಟೆ ತನ್ನಿ. ಕೋಳಿ ಮೊದಲಿದ್ದರೆ 8 ವಾರದ ನಾಯಿಮರಿ ಆಗಬಹುದು, ಆದರೆ ಕೋಳಿಮರಿಗಳಿಲ್ಲದ ತಿಂಗಳು ನೋಡಿ ತನ್ನಿ.

ಇತಿ,
ಬಿಟ್ಟು ಸಾಕುವ ಕೋಳಿಗಳ ಕೆಲಸದಲ್ಲಿರುವ ಓದುಗರು